ಕತಿಪುನಾನ್ ಅಂದರೆ ಏನು?

ಕನ್ನಡದಲ್ಲಿ 'ಕೂಡು' ಇಂದ 'ಕೂಟ' ಆಯ್ತಲ್ಲ, ಫಿಲಿಪ್ಪೀನ್ಸ್‌ನ ತಗಾಲೊಗ್ ಭಾಷೆಯಲ್ಲಿ 'ತಿಪೊನ್' ಇಂದ 'ಕತಿಪುನಾನ್' ಆಗಿದ್ದೂ ಹಾಗೇ. ತಿಪೊನ್ ಅಂದರೆ ಒಟ್ಟುಸೇರು. ಕತಿಪುನಾನ್ ಅಂದರೆ ಕೂಟ, ಸಂಘ.

ಈ ಸಾದಾ ಪದಕ್ಕೆ ಬೆಂಕಿ ಹತ್ತಿದ್ದು 1892ರ ಜುಲೈ 7ರಂದು. ಸ್ಪೇನ್ ಆಳ್ವಿಕೆಯನ್ನು ಕಿತ್ತೆಸೆಯಲು ಅಂದು ಮನಿಲಾದಲ್ಲಿ ಒಂದು ಗುಟ್ಟಿನ ಸಂಘ ಶುರುವಾಯಿತು. ಅದರ ಪೂರ್ತಿ ಹೆಸರು ತುಂಬಾ ಉದ್ದ. ಅರ್ಥ ಮಾತ್ರ ಹೇಳುತ್ತೇನೆ: 'ನಾಡಮಕ್ಕಳ ಅತಿ ಎತ್ತರದ, ಅತಿ ಗೌರವದ ಕೂಟ'. ಮೂಲದಲ್ಲಿರುವ 'ಬಯನ್' ಪದ ಊರೂ ಹೌದು, ದೇಶವೂ ಹೌದು, ಜನವೂ ಹೌದು. ನಮ್ಮ 'ನಾಡು' ಅದಕ್ಕೆ ಹತ್ತಿರ. ಹೆಸರಿನ ಮೊದಲಕ್ಷರಗಳು ಮೂರು 'ಕೆ'. ಬಾವುಟದ ಮೇಲೂ ಅವೇ. ಅಮೆರಿಕದ ಕುಖ್ಯಾತ ಜನಾಂಗದ್ವೇಷಿ ಗುಂಪು ಕು ಕ್ಲಕ್ಸ್ ಕ್ಲಾನ್‌ಗೂ (ಅದೂ ಮೂರು 'ಕೆ') ಇದಕ್ಕೂ ಸಂಬಂಧವೇ ಇಲ್ಲ.

ಈ ಸಂಘ ಕಟ್ಟಿದವರಲ್ಲಿ ಮುಖ್ಯನಾದವನು ಆಂದ್ರೆಸ್ ಬೊನಿಫಾಸಿಯೊ. ಹುಟ್ಟಿದ್ದು 1863ರಲ್ಲಿ, ಮನಿಲಾದ ತೊಂದೊ ಬಡಾವಣೆಯಲ್ಲಿ. ಅಪ್ಪ ಅಮ್ಮ ಬೇಗ ತೀರಿಹೋದರು. ಊರುಗೋಲು, ಕಾಗದದ ಬೀಸಣಿಗೆ ಮಾರಿ ತಮ್ಮ ತಂಗಿಯರನ್ನು ಸಾಕಿದ. ಮುಂದೆ ಇವನನ್ನೇ ಜನ 'ಸುಪ್ರೆಮೊ' ಅಂದರು.

1896ರ ಆಗಸ್ಟ್‌ನಲ್ಲಿ ಗುಟ್ಟು ರಟ್ಟಾಯಿತು. ಬೊನಿಫಾಸಿಯೊ ಮತ್ತು ಸಂಗಡಿಗರು ಮನಿಲಾದ ಹೊರಗೆ ಸೇರಿ ತಮ್ಮ 'ಸೆದುಲಾ'ಗಳನ್ನು ಹರಿದುಹಾಕಿದರು. ಸೆದುಲಾ ಅಂದರೆ ತೆರಿಗೆ ಕಟ್ಟಿದ ಚೀಟಿ, ಗುರುತಿನ ಚೀಟಿಯೂ ಅದೇ. ಅದನ್ನು ಹರಿಯುವುದೆಂದರೆ 'ಇನ್ನು ನಾವು ನಿಮ್ಮ ಪ್ರಜೆಗಳಲ್ಲ' ಅಂದ ಹಾಗೆ. ಹರಿದದ್ದು ಯಾವ ಜಾಗದಲ್ಲಿ, ಯಾವ ದಿನ ಅನ್ನುವುದರ ಬಗ್ಗೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ!

ಕೂಟ ಒಡೆದದ್ದು ಒಳಗಿನಿಂದಲೇ. 1897ರ ಮಾರ್ಚ್‌ನಲ್ಲಿ, ತೆಹೆರೊಸ್ ಎಂಬ ಊರಲ್ಲಿ, ದಂಗೆಕೋರರ ಸರ್ಕಾರ ಕಟ್ಟಲು ಸಭೆ ನಡೆಯಿತು. ಅಧ್ಯಕ್ಷ ಪದವಿ ದಂಗೆಯ ಇನ್ನೊಬ್ಬ ಮುಂದಾಳು ಎಮಿಲಿಯೊ ಅಗಿನಾಲ್ಡೊಗೆ ಹೋಯಿತು. ಬೊನಿಫಾಸಿಯೊಗೆ ಸಿಕ್ಕಿದ್ದು ಒಳಾಡಳಿತ. ಅದಕ್ಕೂ ಒಬ್ಬ ತಕರಾರು ತೆಗೆದ: ಈ ಹುದ್ದೆಗೆ ಓದಿದ ವಕೀಲ ಬೇಕು, ಇವನಲ್ಲ. ಸುಪ್ರೆಮೊ ಪಿಸ್ತೂಲಿಗೆ ಕೈಹಾಕಿದ, ಸಭೆಯ ತೀರ್ಮಾನಗಳೇ ರದ್ದು ಅಂದ. ಆಮೇಲೆ ಬಂಧನ, ಅವಸರದ ವಿಚಾರಣೆ. ಮೇ 10ರಂದು ಅಗಿನಾಲ್ಡೊ ಕಡೆಯವರೇ ಅವನನ್ನು ಕೊಂದರು. ವಯಸ್ಸು 33.

ಅಲ್ಲಿನ ಇನ್ನೊಬ್ಬ ನಾಯಕ ಹೊಸೆ ರಿಸಾಲ್‌ನನ್ನು ಕೊಂದದ್ದು ಸ್ಪೇನ್. ಅವನು ಸತ್ತ ದಿನವನ್ನೇ ದೇಶ ಆಚರಿಸುತ್ತದೆ. ಬೊನಿಫಾಸಿಯೊಗೆ ಮಾತ್ರ ಹುಟ್ಟಿದ ದಿನ, ನವೆಂಬರ್ 30. ಸತ್ತ ದಿನ ಆಚರಿಸಿದರೆ ಕೊಂದವರ ಹೆಸರೂ ಹೇಳಬೇಕಾಗುತ್ತದೆ, ಅಲ್ವಾ?

ಅಂದಹಾಗೆ, ಮನಿಲಾ ಕಡೆ ಯಾರಾದರೂ 'ಕತಿಪುನಾನ್‌ಗೆ ಹೊರಟೆ' ಅಂದರೆ ಗಾಬರಿ ಬೀಳಬೇಡಿ. ಆ ಹೆಸರಿನ ದೊಡ್ಡ ರಸ್ತೆಯೊಂದಿದೆ, ರೈಲು ನಿಲ್ದಾಣವೂ ಇದೆ. ನಿಲ್ದಾಣ ಇರುವುದು ನೆಲದ ಕೆಳಗೆ.