ಒಂಟಿ ತಾಯಿಯ ಹೆರಿಗೆ ರಜೆ: ಕೈಗೆ ನಿಜವಾಗಿ ಎಷ್ಟು ಬರುತ್ತದೆ?

ಕಲಬುರಗಿಯ ಬೇಳೆ ಮಿಲ್ಲು, ನರ್ಸಿಂಗ್ ಹೋಂ, ಖಾಸಗಿ ಶಾಲೆಗಳ ಪಿಎಫ್, ಇಎಸ್‌ಐ (ನೌಕರರ ರಾಜ್ಯ ವಿಮೆ) ಲೆಕ್ಕ ನೋಡುವುದು ನನ್ನ ಕೆಲಸ. ಗಂಡ ತೀರಿಹೋದವರು, ಬಿಟ್ಟುಹೋದವರು, ಮದುವೆಯೇ ಆಗದವರು, ಯಾರೇ ಗರ್ಭಿಣಿ ಬಂದರೂ ಕೇಳುವುದು ಒಂದೇ: "ಒಬ್ಬಾಕಿನೇ ಇದ್ರ ಸರ್ಕಾರದಿಂದ ಎಷ್ಟು ಸಿಗ್ತದ್ರಿ?"

ನೇರವಾಗಿ ಹೇಳಿಬಿಡುತ್ತೇನೆ. ಒಂಟಿ ತಾಯಿ ಅನ್ನುವ ಕಾರಣಕ್ಕೇ ಬರುವ ದುಡ್ಡು ಬಹಳ ಕಡಿಮೆ. ವಾಟ್ಸಾಪಿನಲ್ಲಿ ಬಂದ ಯೋಜನೆಗಳನ್ನೆಲ್ಲ ಸುಮ್ನೆ ಕೂಡಿಸುತ್ತಾ ಕೂರಬೇಡಿ. ಮೊದಲು ಎರಡು ಕಾಗದ ತೆಗೆಯಿರಿ: ಸಂಬಳದ ಚೀಟಿ, ರೇಷನ್ ಕಾರ್ಡ್.

ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದು ಇಎಸ್‌ಐ ಕಟ್ ಆಗುತ್ತಿದ್ದರೆ, ರಜೆಯ ದುಡ್ಡು ಕೊಡುವುದು ಇಎಸ್‌ಐ, ಮಾಲೀಕರಲ್ಲ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳದ್ದು) ಒಟ್ಟು 70 ದಿನದ ವಂತಿಗೆ ಇರಬೇಕು. 26 ವಾರ, ಪೂರ್ತಿ ಸಂಬಳದ ದರದಲ್ಲಿ. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ. ಮದುವೆ ಆಗಿದೆಯಾ ಅನ್ನುವ ಷರತ್ತು ಕಾನೂನಿನಲ್ಲಿ ಇಲ್ಲವೇ ಇಲ್ಲ.

ಎಡವಟ್ಟು ಆಗುವುದು ಮುಂದೆ. ಕೈಗೆ 14,000 ಬರುತ್ತದೆ ಅಂತಿಟ್ಟುಕೊಳ್ಳಿ. ಆರು ತಿಂಗಳಿಗೆ ಹತ್ತಿರ ಹತ್ತಿರ 84,000 ಆಗಬೇಕು, ಅಲ್ವಾ? ಆದರೆ ಮಾಲೀಕರು ದಾಖಲೆಯಲ್ಲಿ 9,000 ತೋರಿಸಿ ಉಳಿದ 5,000 ಕೈಗೆ ಕೊಡುತ್ತಿದ್ದರೆ, ಬರುವುದು ಸುಮಾರು 54,000 ಮಾತ್ರ. ಆ 30,000 ಅಂದರೆ ಎಷ್ಟೋ ಮನೆಗಳ ಅರ್ಧ ವರ್ಷದ ಬಾಡಿಗೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಯಾಕಂದ್ರೆ ಹೆರಿಗೆ ಹತ್ತಿರ ಬಂದ ಮೇಲೆ ಇದನ್ನು ಸರಿ ಮಾಡಲು ಆಗುವುದಿಲ್ಲ. ಹೆರಿಗೆ ಜನವರಿಯಿಂದ ಜೂನ್ ಒಳಗಾದರೆ ಲೆಕ್ಕಕ್ಕೆ ಹಿಡಿಯುವುದು ಹಿಂದಿನ ವರ್ಷದ ಏಪ್ರಿಲ್‌ನಿಂದ ಸೆಪ್ಟೆಂಬರ್ ವರೆಗಿನ ಸಂಬಳ. ನವೆಂಬರ್‌ನಲ್ಲಿ ಸಂಬಳ ಏರಿದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಸಂಬಳ 21,000ಕ್ಕಿಂತ ಜಾಸ್ತಿ ಇದ್ದರೆ ಕೊಡಬೇಕಾದವರು ಮಾಲೀಕರೇ. 1961ರ ಹೆರಿಗೆ ಸೌಲಭ್ಯ ಕಾಯ್ದೆ 2017ರಲ್ಲಿ ತಿದ್ದುಪಡಿಯಾಗಿ 26 ವಾರ ಆಯಿತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಷ್ಟೇ ಇದೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿರಬೇಕು.

ಗರ್ಭಿಣಿಯರಿಗೆ ಕೇಂದ್ರ ಸರ್ಕಾರ ಕೊಡುವ ಮಾತೃ ವಂದನಾ ಯೋಜನೆಯ 5,000 ರೂಪಾಯಿಯನ್ನು ಎಲ್ಲರೂ ಕೂಡಿಸಿಕೊಂಡೇ ಬರುತ್ತಾರೆ. ಇಎಸ್‌ಐನಿಂದಲೋ ಮಾಲೀಕರಿಂದಲೋ ಇಂಥದೇ ಸೌಲಭ್ಯವನ್ನು ಕಾನೂನಿನಡಿ ಪಡೆಯುವವರಿಗೆ ಅದು ಇಲ್ಲ. ಮನೆಗೆಲಸ, ಹೊಲದ ಕೂಲಿ ಮಾಡುವವರಾದರೆ ಅಂಗನವಾಡಿಯಲ್ಲಿ ಖಂಡಿತ ಅರ್ಜಿ ಹಾಕಿ. ಮೊದಲ ಮಗುವಿಗೆ ಎರಡು ಕಂತು: ಮೊದಲು 3,000, ಆಮೇಲೆ 2,000. ಎರಡನೆಯದು ಹೆಣ್ಣಾದರೆ 6,000. ಗಂಡನ ಆಧಾರ್ ಈಗ ಕಡ್ಡಾಯವಲ್ಲ.

ಇನ್ನು ರೇಷನ್ ಕಾರ್ಡ್. ಗೃಹಲಕ್ಷ್ಮಿಯ 2,000 ಹೋಗುವುದು ಕಾರ್ಡಿನಲ್ಲಿ ಯಜಮಾನಿ ಅಂತ ಇರುವ ಒಬ್ಬ ಹೆಣ್ಣುಮಗಳಿಗೆ ಮಾತ್ರ. ತವರಿನಲ್ಲಿದ್ದರೆ ಅದು ನಿಮ್ಮ ಅವ್ವನ ಖಾತೆಗೆ ಹೋಗುತ್ತದೆ. ಗಂಡನನ್ನು ಬಿಟ್ಟು ಬಂದಿದ್ದರೂ ಹೆಸರು ಇನ್ನೂ ಅತ್ತೆಯ ಕಾರ್ಡಿನಲ್ಲೇ ಉಳಿದಿದ್ದರೆ ಆ ಮನೆಗೆ ಹೋಗುತ್ತದೆ. ಹೆಸರು ತೆಗೆಸಿ ಬೇರೆ ಕಾರ್ಡ್ ಮಾಡಿಸಲು ತಿಂಗಳುಗಟ್ಟಲೆ ಹಿಡಿಯಬಹುದು, ಹಾಗಾಗಿ ಹೊಟ್ಟೆಯಲ್ಲಿ ಮಗು ಇರುವಾಗಲೇ ಓಡಾಟ ಶುರು ಮಾಡಿ. ಹೊಸ ಕಾರ್ಡ್ ಕೈಗೆ ಬರುವವರೆಗೆ ಆ 2,000ವನ್ನು ಲೆಕ್ಕದಲ್ಲಿ ಸೇರಿಸಬೇಡಿ.

ವಿಧವೆಯರಿಗೆ ಪಿಂಚಣಿ ತಿಂಗಳಿಗೆ 800. ಮದುವೆಯಾಗದವರಿಗೆ, ವಿಚ್ಛೇದಿತರಿಗೆ ಮನಸ್ವಿನಿ ಪಿಂಚಣಿ ಇದೆ, ಆದರೆ 40 ವರ್ಷ ತುಂಬಿರಬೇಕು. ಇಪ್ಪತ್ತೈದರ ಹುಡುಗಿಗೆ ಅದರಿಂದ ಏನೂ ಇಲ್ಲ, ಮತ್ತು ಇದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಕ್ಕಳ ರಕ್ಷಣೆಗಿರುವ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000ದ ಪ್ರಾಯೋಜಕತ್ವ, ಅಂದರೆ ಸಾಕಲು ಸಹಾಯಧನ, ಇದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಸಮಿತಿ ಒಪ್ಪಬೇಕು, ಆದಾಯದ ಮಿತಿಯೂ ಇದೆ. ಅರ್ಜಿ ಹಾಕಿ, ಆದರೆ ಅದನ್ನು ನಂಬಿ ಸಾಲ ಮಾಡಬೇಡಿ.

ಇಎಸ್‌ಐ ದುಡ್ಡು ಕೂಡ ಅರ್ಜಿ, ಸರ್ಟಿಫಿಕೇಟ್ ಎಲ್ಲ ಕೊಟ್ಟ ಮೇಲೆಯೇ ಖಾತೆಗೆ ಬೀಳುವುದು. ಮೊದಲ ಎರಡು ತಿಂಗಳ ಖರ್ಚು ಕೈಯಲ್ಲಿರಲಿ.

ಮಗುವಿನ ಜನನ ನೋಂದಣಿಯನ್ನು 21 ದಿನದೊಳಗೆ ಮಾಡಿಸಿ. ತಂದೆಯ ಹೆಸರಿಲ್ಲದೆ ಆಗಲ್ಲ ಅಂತ ಯಾರಾದರೂ ವಾಪಸ್ ಕಳಿಸಿದರೆ 2015ರ ಸುಪ್ರೀಂ ಕೋರ್ಟ್ ತೀರ್ಪು ಹೇಳಿ: ಮದುವೆಯಾಗದ ತಾಯಿ ಅಫಿಡವಿಟ್ ಕೊಟ್ಟರೆ ಸಾಕು, ಜನನ ಪ್ರಮಾಣಪತ್ರ ಕೊಡಲೇಬೇಕು.