ಹಳೆಯ ಸ್ಪೋರ್ಟ್ಸ್ ಕಾರಿನ ಐಡ್ಲಿಂಗ್ ಇಳಿಯುತ್ತಲೇ ಇಲ್ಲ, ಎಲ್ಲಿಂದ ಹುಡುಕಲಿ?

ಪ್ರಶ್ನೆ: ನನ್ನದು 1990ರ ಮಾಜ್ದಾ ಮಿಯಾಟಾ, 1.6 ಎಂಜಿನ್. ಚೆನ್ನಾಗಿ ಬಿಸಿಯಾದ ಮೇಲೂ ಐಡ್ಲಿಂಗ್ (ಪೆಡಲ್ ಒತ್ತದಿರುವಾಗಿನ ಎಂಜಿನ್ ವೇಗ) ನಿಮಿಷಕ್ಕೆ 1,500 ಸುತ್ತಿನ ಹತ್ತಿರವೇ ನಿಲ್ಲುತ್ತದೆ, ಕೆಲವು ಸಲ ಮೇಲೆ ಕೆಳಗೆ ಕುಣಿಯುತ್ತದೆ. ಐಡಲ್ ಸ್ಕ್ರೂ ಪೂರ್ತಿ ಬಿಗಿ ಮಾಡಿದರೂ ಇಳಿಯಲಿಲ್ಲ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗಿದೆಯಾ?

ಉತ್ತರ: ಇಸಿಯು ಹೋಗಿರುವ ಸಾಧ್ಯತೆ ತೀರಾ ಕಡಿಮೆ. ಅದನ್ನು ಕೊನೆಗೆ ನೋಡೋಣ, ಬಹುಶಃ ನೋಡುವ ಅಗತ್ಯವೇ ಬರುವುದಿಲ್ಲ. ನಿಮ್ಮ ಪ್ರಶ್ನೆಯಲ್ಲೇ ಒಳ್ಳೆಯ ಸುಳಿವಿದೆ. ಆ ಐಡಲ್ ಸ್ಕ್ರೂ ಮಾಡುವ ಕೆಲಸ ಇಷ್ಟೇ: ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ ಪ್ಲೇಟ್ ಮುಚ್ಚಿದ್ದಾಗ, ಅದನ್ನು ಸುತ್ತಿ ಹೋಗಲು ಸ್ವಲ್ಪ ಗಾಳಿಗೆ ದಾರಿ ಕೊಡುವುದು. ಆ ದಾರಿ ಪೂರ್ತಿ ಮುಚ್ಚಿದರೂ ಎಂಜಿನ್ 1,500ರಲ್ಲಿ ಓಡುತ್ತಿದೆ ಅಂದರೆ ಗಾಳಿ ಬೇರೆ ಎಲ್ಲಿಂದಲೋ ಒಳಗೆ ಬರುತ್ತಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ವೇಗ ಏರಬೇಕಾದರೆ ಗಾಳಿ ಬೇಕು. ಹಾಗಾಗಿ ಹುಡುಕಬೇಕಾದ್ದು ಆ ಗಾಳಿಯ ದಾರಿಯನ್ನು. ಅದು ಸಿಗುವ ತನಕ ಯಾವ ಸ್ಕ್ರೂವನ್ನೂ ತಿರುಗಿಸಬೇಡಿ, ಯಾವ ಪಾರ್ಟನ್ನೂ ಕೊಳ್ಳಬೇಡಿ.

ಮೊದಲು ಸುಮ್ನೆ ಕಣ್ಣಿಗೆ ಕಾಣುವುದನ್ನು ನೋಡಿ. ಆಕ್ಸಿಲರೇಟರ್ ಕೇಬಲ್‌ನಲ್ಲಿ ಒಂಚೂರು ಸಡಿಲ ಇರಬೇಕು, ತಂತಿ ಬಿಗಿಯಾಗಿದ್ದರೆ ಪ್ಲೇಟ್ ಪೂರ್ತಿ ಮುಚ್ಚುವುದೇ ಇಲ್ಲ. ಕಾಲಡಿಯ ಮ್ಯಾಟ್ ಪೆಡಲ್‌ಗೆ ಸಿಕ್ಕಿಕೊಂಡಿದೆಯಾ ಅಂತಲೂ ನೋಡಿ. ನಗಬೇಡಿ, ಆಗುತ್ತದೆ. ಎಂಜಿನ್ ಆಫ್ ಮಾಡಿ, ಥ್ರಾಟಲ್ ಬಾಡಿಯ (ಆ ಪ್ಲೇಟ್ ಇರುವ ಭಾಗದ) ಪಕ್ಕದಲ್ಲಿರುವ ಲಿವರ್ ಅನ್ನು ಕೈಯಿಂದ ತಿರುಗಿಸಿ ಬಿಡಿ. 'ಟಕ್' ಅಂತ ಹಿಂದಕ್ಕೆ ಬಂದು ಕೂರಬೇಕು. ಅಂಟಿದಂತೆ ನಿಧಾನಕ್ಕೆ ಬಂದರೆ ಒಳಗೆ ಕರಿ ಕಟ್ಟಿದೆ, ಥ್ರಾಟಲ್ ಬಾಡಿ ಕ್ಲೀನರ್ ಮತ್ತು ಬಟ್ಟೆ ಸಾಕು.

ಆ ಲಿವರ್ ಹತ್ತಿರ ಇನ್ನೊಂದು ಚಿಕ್ಕ ಸ್ಕ್ರೂ ಇದೆ, ಪ್ಲೇಟ್ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುವುದು ಅದು. ಇದು ಐಡಲ್ ಸ್ಕ್ರೂ ಅಲ್ಲ. ಕಾರ್ಖಾನೆಯಲ್ಲೇ ಸೆಟ್ ಮಾಡಿ ಬಿಟ್ಟಿರುತ್ತಾರೆ. ಹಿಂದಿನ ಮಾಲೀಕರೋ ಮೆಕ್ಯಾನಿಕ್ಕೋ ಯಾವುದೋ ಚಳಿಗಾಲದಲ್ಲಿ ಎಂಜಿನ್ ಆಫ್ ಆಗುತ್ತಿದೆ ಅಂತ ಇದನ್ನೇ ತಿರುಗಿಸಿಟ್ಟಿರುತ್ತಾರೆ, ಆಮೇಲೆ ಬೇರೆ ತೊಂದರೆ ಸರಿಹೋದಾಗ ಐಡ್ಲಿಂಗ್ ಮೇಲೆ ಹೋಗಿ ಕೂರುತ್ತದೆ, ಕಾರಣ ಮಾತ್ರ ಯಾರಿಗೂ ನೆನಪಿರುವುದಿಲ್ಲ. ಇದರಿಂದ ಇನ್ನೊಂದು ಕಾಟವೂ ಇದೆ. ಪ್ಲೇಟ್ ಪೂರ್ತಿ ಮುಚ್ಚಿದೆ ಅಂತ ಇಸಿಯುಗೆ ಹೇಳುವ ಐಡಲ್ ಸ್ವಿಚ್ ಥ್ರಾಟಲ್ ಸೆನ್ಸರ್ ಒಳಗಿದೆ. ಪ್ಲೇಟ್ ಕೂದಲಿನಷ್ಟು ತೆರೆದಿದ್ದರೂ ಆ ಸ್ವಿಚ್ ಕೂರದೆ ಇರಬಹುದು. ಆಗ ನೀವು ಪೆಡಲ್ ಒತ್ತಿದ್ದೀರಿ ಅಂತಲೇ ಇಸಿಯು ಅಂದುಕೊಳ್ಳುತ್ತದೆ, ಐಡ್ಲಿಂಗ್ ಹಿಡಿತಕ್ಕೆ ತರುವ ಪ್ರಯತ್ನವನ್ನೇ ಮಾಡುವುದಿಲ್ಲ.

ಇದೆಲ್ಲ ಸರಿ ಇದ್ದರೆ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ನೋಡಿ. ಐಡ್ಲಿಂಗ್‌ಗೂ ಕೂಲೆಂಟ್‌ಗೂ ಏನು ಸಂಬಂಧ ಅಂತ ಅನಿಸಬಹುದು, ಆದರೆ ಮಿಯಾಟಾದಲ್ಲಿ ನನ್ನ ಮೊದಲ ಅನುಮಾನವೇ ಇಲ್ಲಿಗೆ ಹೋಗುತ್ತದೆ. ಥ್ರಾಟಲ್ ಬಾಡಿಯ ಅಡಿಯಲ್ಲಿ ಒಂದು ವಾಲ್ವ್ ಕೂತಿದೆ. ಅದರಲ್ಲಿ ಎರಡು ಭಾಗ. ಒಂದು ಇಸಿಯು ಹೇಳಿದಂತೆ ಕೇಳುವ ವಿದ್ಯುತ್ ವಾಲ್ವ್. ಇನ್ನೊಂದು ಮೇಣ ತುಂಬಿದ ಏರ್ ವಾಲ್ವ್, ಇದಕ್ಕೆ ವೈರೇ ಇಲ್ಲ. ತಣ್ಣಗಿದ್ದಾಗ ತೆರೆದಿದ್ದು ಹೆಚ್ಚು ಗಾಳಿ ಬಿಡುತ್ತದೆ, ಬಿಸಿ ಕೂಲೆಂಟ್ ಹರಿದು ಬಂದಾಗ ಮೇಣ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಕೂಲೆಂಟ್ ಕಡಿಮೆಯಾಗಿದ್ದರೆ, ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ, ಇಲ್ಲವೇ ಆ ಸಣ್ಣ ಪೈಪು ಕಟ್ಟಿಕೊಂಡಿದ್ದರೆ ಬಿಸಿ ತಲುಪುವುದೇ ಇಲ್ಲ. ಉಳಿದ ಎಂಜಿನ್ ಕುದಿಯುವಷ್ಟು ಬಿಸಿ, ಈ ವಾಲ್ವ್ ಮಾತ್ರ ಇನ್ನೂ ಬೆಳಗಿನ ಚಳಿಯಲ್ಲೇ ಇರುತ್ತದೆ. ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ತೆರೆದೇ ನಿಂತುಬಿಟ್ಟಿದ್ದರೂ ಹೆಚ್ಚು ಕಡಿಮೆ ಇದೇ ಕತೆ, ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ.

ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಮಟ್ಟ ನೋಡಿ, ಬಿಸಿ ಇದ್ದಾಗ ಮುಟ್ಟಲೇಬೇಡಿ. ಆಮೇಲೆ ಎಂಜಿನ್ ಬಿಸಿ ಮಾಡಿ ವಾಲ್ವ್‌ಗೆ ಹೋಗುವ ಪೈಪ್, ಬರುವ ಪೈಪ್ ಎರಡೂ ಬಿಸಿಯಾಗಿವೆಯಾ ಅಂತ ಹುಷಾರಾಗಿ ನೋಡಿ. ಅನುಮಾನ ಬಂದರೆ ವಾಲ್ವ್ ಬಿಚ್ಚಿ ತೆಗೆಯಿರಿ. ತಣ್ಣಗಿರುವಾಗ ಊದಿದರೆ ಗಾಳಿ ಹೋಗಬೇಕು, ಬಿಸಿನೀರಲ್ಲಿ ಇಟ್ಟು ಸ್ವಲ್ಪ ಹೊತ್ತು ಕಾದರೆ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಕಳ್ಳ ಸಿಕ್ಕ ಹಾಗೆಯೇ. ಮತ್ತೆ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ. ಇಸಿಯುಗೆ ಬಿಸಿ ತಿಳಿಸುವ ಕೂಲೆಂಟ್ ಸೆನ್ಸರ್ ಕೂಡ ಕೈಕೊಡಬಹುದು. ಮಲ್ಟಿಮೀಟರ್‌ನಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2ರಿಂದ 3 ಕಿಲೋಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸಬೇಕು. ಬಿಸಿಯಲ್ಲೂ ಕಿಲೋಓಮ್‌ಗಳಲ್ಲೇ ಇದ್ದರೆ ಸೆನ್ಸರ್ ಬದಲಿಸಿ.

ಈಗ ಎಲ್ಲರೂ ಮೊದಲು ಹೇಳುವ ವ್ಯಾಕ್ಯೂಮ್ ಲೀಕ್, ಅಂದರೆ ಪೈಪು, ಸೀಲುಗಳ ಬಿರುಕಿನಿಂದ ಗಾಳಿ ಒಳನುಗ್ಗುವುದು. ನಾನು ಇದನ್ನು ಬೇಕಂತಲೇ ಇಷ್ಟು ಹಿಂದಕ್ಕೆ ಇಟ್ಟೆ. ನಿಮ್ಮ 1.6 ಎಂಜಿನ್ನಿನಲ್ಲಿ ಒಳಬರುವ ಗಾಳಿಯನ್ನು ಒಂದು ರೆಕ್ಕೆ ಇರುವ ಏರ್‌ಫ್ಲೋ ಮೀಟರ್ ಅಳೆಯುತ್ತದೆ. ಆ ಮೀಟರ್ ದಾಟಿದ ಮೇಲೆ ಬಿರುಕು ಬಿಟ್ಟ ಪೈಪಿನಿಂದ ನುಗ್ಗುವ ಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ, ಅದಕ್ಕೆ ತಕ್ಕ ಪೆಟ್ರೋಲೂ ಬೀಳುವುದಿಲ್ಲ. ಹಾಗಾಗಿ ಲೀಕ್ ದೊಡ್ಡದಿದ್ದರೆ ಎಂಜಿನ್ ನಡುಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಆದರೆ ಏರ್ ವಾಲ್ವ್‌ನಿಂದಲೋ ಪೂರ್ತಿ ಮುಚ್ಚದ ಪ್ಲೇಟಿನಿಂದಲೋ ಬರುವ ಗಾಳಿ ಮೀಟರ್ ಮೂಲಕವೇ ಬಂದದ್ದು, ಅದಕ್ಕೆ ಪೆಟ್ರೋಲ್ ಸರಿಯಾಗಿ ಸಿಗುತ್ತದೆ, ಎಂಜಿನ್ ಆರಾಮಾಗಿ 1,500ರಲ್ಲಿ ಓಡುತ್ತದೆ. ಅಂದರೆ ನಯವಾದ, ಎತ್ತರದ ಐಡ್ಲಿಂಗ್ ಇದ್ದರೆ ವಾಲ್ವ್ ಮತ್ತು ಪ್ಲೇಟ್ ಕಡೆ, ಒರಟಾಗಿದ್ದರೆ ಲೀಕ್ ಕಡೆ ಹೋಗಿ. ಮ್ಯಾನಿಫೋಲ್ಡ್ (ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಕೊಳವೆ) ಒತ್ತಡ ನೋಡಿ ಪೆಟ್ರೋಲ್ ಹಾಕುವ ಕಾರುಗಳಲ್ಲಿ ಈ ಭೇದ ಇಲ್ಲ, ಅಲ್ಲಿ ಗಾಳಿ ಎಲ್ಲಿಂದ ನುಗ್ಗಿದರೂ ಪೆಟ್ರೋಲ್ ಸಿಗುತ್ತದೆ, ಐಡ್ಲಿಂಗ್ ಏರುತ್ತದೆ.

ಲೀಕ್ ಹುಡುಕಲು ಬ್ರೇಕ್ ಬೂಸ್ಟರ್ ಪೈಪ್, ಪಿಸಿವಿ (ಎಂಜಿನ್ ಒಳಗಿನ ಆವಿಯನ್ನು ಮತ್ತೆ ಗಾಳಿಯ ಜೊತೆ ಒಳಗೆಳೆಯುವ ವ್ಯವಸ್ಥೆ) ಪೈಪ್ ಮತ್ತು ಅದರ ರಬ್ಬರ್ ಗ್ರೊಮೆಟ್ (ಬಳೆಯಂಥ ಸೀಲ್), ಇಂಜೆಕ್ಟರ್ ಸೀಲ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಇಷ್ಟನ್ನೂ ನೋಡಿ. ಮೆತ್ತಗಿರುವ ಪೈಪುಗಳನ್ನು ಒಂದೊಂದಾಗಿ ಇಕ್ಕಳದಿಂದ ಬಟ್ಟೆ ಸುತ್ತಿ ಹಿಸುಕಿ, ಯಾವುದನ್ನು ಹಿಸುಕಿದಾಗ ವೇಗ ಬದಲಾಗುತ್ತದೋ ಆ ದಾರಿಯಲ್ಲಿ ಹುಡುಕಿ. ಕಾರ್ಬ್ ಕ್ಲೀನರ್ ಸಿಂಪಡಿಸಿ ನೋಡುವ ಪದ್ಧತಿ ಎಲ್ಲರಿಗೂ ಗೊತ್ತು, ಆದರೆ ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಬೆಂಕಿ ಹಿಡಿಯುವ ವಸ್ತು ಸಿಂಪಡಿಸುವುದು ನನಗಂತೂ ಇಷ್ಟವಿಲ್ಲ. ಹೊಗೆ ಬಿಟ್ಟು ನೋಡುವ ಮೆಷಿನ್ ಸಿಕ್ಕರೆ ಅದೇ ಒಳ್ಳೆಯದು.

ಮೇಲೆ ಕೆಳಗೆ ಕುಣಿಯುತ್ತದೆ ಅಂದಿರಲ್ಲ, ಅದಕ್ಕೂ ಬೇರೆ ರೋಗ ಹುಡುಕಬೇಕಿಲ್ಲ. ಪೆಡಲ್ ಬಿಟ್ಟಿದೆ, ಆದರೂ ಎಂಜಿನ್ ವೇಗ ಜಾಸ್ತಿ ಇದೆ ಅಂದರೆ ಕಾರು ಇಳಿಜಾರಿನಲ್ಲಿ ಹೋಗುತ್ತಿದೆ ಅಂತ ಇಸಿಯು ಅಂದುಕೊಂಡು ಪೆಟ್ರೋಲ್ ನಿಲ್ಲಿಸುತ್ತದೆ. ವೇಗ ಬೀಳುತ್ತದೆ. ಮತ್ತೆ ಪೆಟ್ರೋಲ್ ಬಿಡುತ್ತದೆ. ಮತ್ತೆ ಏರುತ್ತದೆ. ಹೆಚ್ಚಿನ ಗಾಳಿ ನಿಂತರೆ ಈ ಕುಣಿತವೂ ನಿಲ್ಲುತ್ತದೆ.

ಕಾರ್ಬುರೇಟರ್ ಕಾರು ಇಟ್ಟುಕೊಂಡವರಿಗೆ ಚಿಕ್ಕದಾಗಿ: ಚೋಕ್ ಪೂರ್ತಿ ಹಿಂದಕ್ಕೆ ಬಂದಿದೆಯಾ, ಫಾಸ್ಟ್ ಐಡಲ್ ಕ್ಯಾಮ್ (ತಣ್ಣಗಿದ್ದಾಗ ವೇಗ ಏರಿಸಿಡುವ ಭಾಗ) ಬಿಟ್ಟುಕೊಟ್ಟಿದೆಯಾ, ಥ್ರಾಟಲ್ ಶಾಫ್ಟ್ ಸವೆದಿದೆಯಾ ನೋಡಿ. ಎಂಜಿಬಿಯಂಥ ಹಳೆಯ ಬ್ರಿಟಿಷ್ ಕಾರುಗಳ ಎಸ್‌ಯು ಕಾರ್ಬುರೇಟರ್‌ನ ಥ್ರಾಟಲ್ ಪ್ಲೇಟ್‌ನಲ್ಲೇ ಒಂದು ಪುಟ್ಟ ಸ್ಪ್ರಿಂಗ್ ವಾಲ್ವ್ ಇದ್ದರೆ, ಅದರ ಸ್ಪ್ರಿಂಗ್ ಸೋತಾಗ ಪ್ಲೇಟ್ ಮುಚ್ಚಿದ್ದರೂ ಗಾಳಿ ಹೋಗುತ್ತದೆ. ಬಹಳ ಜನ ರಂಧ್ರವಿಲ್ಲದ ಪ್ಲೇಟ್ ಹಾಕಿಬಿಡುತ್ತಾರೆ. ರೇಸ್ ಮಾಡಿ ಬಿಟ್ಟ ಮೇಲೆ ಮಾತ್ರ ವೇಗ ಮೇಲೆಯೇ ನಿಂತರೆ ಡಿಸ್ಟ್ರಿಬ್ಯೂಟರ್ ಒಳಗಿನ, ವೇಗ ಹೆಚ್ಚಿದಂತೆ ಕಿಡಿಯನ್ನು ಬೇಗ ಹೊತ್ತಿಸುವ ಅಡ್ವಾನ್ಸ್ ತೂಕಗಳು ಅಂಟಿರಬಹುದು.

ಗಾಳಿಯ ದಾರಿ ಮುಚ್ಚಿದ ಮೇಲೆ ಐಡಲ್ ಸ್ಕ್ರೂಗೆ ಬನ್ನಿ. ಈಗ ಎಂಜಿನ್ ಆಫ್ ಆಗಿಬಿಡಬಹುದು, ಗಾಬರಿ ಬೇಡ, ನೀವೇ ಅದನ್ನು ಪೂರ್ತಿ ಬಿಗಿ ಮಾಡಿದ್ದೀರಲ್ಲ, ಒಂದೆರಡು ಸುತ್ತು ಬಿಚ್ಚಿ. ಎಂಜಿನ್ ಬಿಸಿ ಇರಲಿ, ಲೈಟು ಎಸಿ ಆಫ್ ಇರಲಿ, ರೇಡಿಯೇಟರ್ ಫ್ಯಾನ್ ತಿರುಗುತ್ತಿರಬಾರದು. ಬಾನೆಟ್ ಕೆಳಗಿನ ಡಯಾಗ್ನೋಸಿಸ್ ಬಾಕ್ಸ್‌ನಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಟರ್ಮಿನಲ್‌ಗಳಿಗೆ ಒಂದು ವೈರ್ ಸೇರಿಸಿ. ಆಗ ಇಸಿಯು ತನ್ನ ತಿದ್ದುಪಡಿ ನಿಲ್ಲಿಸುತ್ತದೆ. ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತುವ ಸಮಯ) 10 ಡಿಗ್ರಿ ಇದೆಯಾ ನೋಡಿಕೊಂಡು ಸ್ಕ್ರೂ ತಿರುಗಿಸಿ 850ಕ್ಕೆ ತನ್ನಿ, 50 ಆಚೀಚೆ ಆದರೆ ತೊಂದರೆಯಿಲ್ಲ. ಡ್ಯಾಶ್‌ಬೋರ್ಡ್ ಮೀಟರ್ ನಂಬದೆ ಬೇರೆ ಟ್ಯಾಕೋಮೀಟರ್ (ಎಂಜಿನ್ ಸುತ್ತು ಅಳೆಯುವ ಮೀಟರ್) ಹಾಕಿ ನೋಡಿ. ಮುಗಿದ ಮೇಲೆ ಆ ವೈರ್ ತೆಗೆಯಲು ಮರೆಯಬೇಡಿ.