ಪೂಲ್ ಬಿದ್ದಾಗ ಮೊದಲು ನೋಡಬೇಕಾದ ಸಂಖ್ಯೆ

ನಾಲ್ಕು ಡಿಸ್ಕ್‌ಗಳ ರೇಡ್ 5 ಪೂಲ್‌ನಲ್ಲಿ ಎರಡು ಡಿಸ್ಕ್ ಒಂದೇ ರಾತ್ರಿ ಕೆಡುವುದು ಅಪರೂಪ. ರೇಡ್ 5 ಎಂದರೆ ಹಲವು ಡಿಸ್ಕ್‌ಗಳನ್ನು ಒಂದೇ ಪೂಲ್ ಆಗಿ ಜೋಡಿಸುವ ವಿಧಾನ, ಒಂದು ಡಿಸ್ಕ್ ಹೋದರೂ ಅದು ನಡೆಯುತ್ತದೆ, ಎರಡು ಹೋದರೆ ನಿಲ್ಲುತ್ತದೆ. ಸಾಮಾನ್ಯವಾಗಿ ಒಂದು ಡಿಸ್ಕ್ ತಿಂಗಳುಗಳ ಹಿಂದೆಯೇ ಪೂಲ್‌ನಿಂದ ಹೊರಬಿದ್ದಿರುತ್ತದೆ, ಯಾರೂ ಗಮನಿಸಿರುವುದಿಲ್ಲ. ಫೋಲ್ಡರ್‌ಗಳು ತೆರೆದುಕೊಳ್ಳುತ್ತವೆ, ಎಡಿಟಿಂಗ್ ನಡೆಯುತ್ತದೆ, ಎಲ್ಲವೂ ಸರಿಯಿದೆ ಅನ್ನಿಸುತ್ತದೆ. ಆಮೇಲೆ ಏಪ್ರಿಲ್‌ನ ಒಂದು ಸಂಜೆ ಗುಡುಗು ಮಳೆಗೆ ಕರೆಂಟ್ ಎರಡು ಸಲ ಹೋಗಿ ಬಂದಾಗ ಇನ್ನೊಂದು ಡಿಸ್ಕ್ ಜಾರುತ್ತದೆ. ಆಗ ಪೂಲ್ ನಿಂತುಹೋಗಿ, ಎರಡೂ ಒಟ್ಟಿಗೇ ಹೋದವು ಎಂದು ಮನೆಯವರು ತಿಳಿಯುತ್ತಾರೆ. ಯಾವುದು ಮೊದಲು ಹೋಯಿತು, ಯಾವುದು ನಿನ್ನೆ ಹೋಯಿತು ಎಂದು ಪ್ರತಿ ಡಿಸ್ಕ್‌ನಲ್ಲಿರುವ ‘ಈವೆಂಟ್ಸ್’ ಎಂಬ ಎಣಿಕೆಯಿಂದ ಗೊತ್ತಾದರೆ ಡೇಟಾ ಬಹುಪಾಲು ವಾಪಸ್ ಬರುತ್ತದೆ. ಅದನ್ನು ತಿಳಿಯದೆ ರೀಬಿಲ್ಡ್ (ಪೂಲ್‌ನ ಮರುನಿರ್ಮಾಣ) ಒತ್ತಿದರೆ ಇದ್ದದ್ದೂ ಹೋಗುತ್ತದೆ.

ತುಮಕೂರಿನ ಎಸ್.ಎಸ್. ಪುರಂ, ಬಟವಾಡಿ, ಶಿರಾ ಗೇಟ್ ಕಡೆ ಮನೆಯಲ್ಲೇ ಕೂತು ಮದುವೆ ಫೋಟೊ-ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹಳೆಯ ಕಂಪ್ಯೂಟರ್‌ಗೆ 4 ಟಿಬಿಯ ನಾಲ್ಕು ಡಿಸ್ಕ್ ಹಾಕಿ, ಅದನ್ನು ಸ್ಟೋರೇಜ್ ಸರ್ವರ್ ಮಾಡುವ ಓಪನ್‌ಮೀಡಿಯಾವಾಲ್ಟ್ ಇನ್‌ಸ್ಟಾಲ್ ಮಾಡಿ, ರೇಡ್ 5 ಕಟ್ಟಿದರೆ ಸುಮಾರು 12 ಟಿಬಿ ಜಾಗ ಸಿಗುತ್ತದೆ. ಮದುವೆ ಸೀಸನ್‌ನ ಆಲ್ಬಂ, ರಾ ಫೈಲ್, ವಿಡಿಯೊ ಎಲ್ಲ ಅಲ್ಲೇ ಇರುತ್ತವೆ. ಇನ್ನೊಬ್ಬರ ಮನೆಯ ಮದುವೆಯನ್ನು ಎರಡನೇ ಸಲ ತೆಗೆಯಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಅವಸರ ಸಲ್ಲದು.

ಪೂಲ್ ನಿಂತಿದೆ ಎಂದು ಗೊತ್ತಾದ ಕೂಡಲೇ ಸರ್ವರ್ ಶಟ್‌ಡೌನ್ ಮಾಡಿ. ಸರಿಹೋಗಬಹುದೆಂದು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಬೇಡಿ. ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರ್‌ನ ಕೊನೆಯ ನಾಲ್ಕು ಅಂಕಿಗಳನ್ನೂ ಅದು ಯಾವ ಪೋರ್ಟ್‌ನಲ್ಲಿತ್ತು ಎಂಬುದನ್ನೂ ಸ್ಟಿಕ್ಕರ್ ಮೇಲೆ ಬರೆದು ಅಂಟಿಸಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಎಸ್‌ಡಿಎ, ಎಸ್‌ಡಿಬಿ ಎಂದು ಲಿನಕ್ಸ್ ಕೊಡುವ ಹೆಸರುಗಳನ್ನು ನಂಬಬೇಡಿ, ಒಂದು ಕೇಬಲ್ ಬದಲಾದರೂ ಆ ಹೆಸರು ಬದಲಾಗುತ್ತದೆ. ಫೈಲ್‌ಸಿಸ್ಟಂ ತಿದ್ದುವ ಎಫ್‌ಎಸ್‌ಸಿಕೆ ಆಜ್ಞೆ ಓಡಿಸಬೇಡಿ. ಪೂಲ್ ಅನ್ನು ಹೊಸದಾಗಿ ‘ಕ್ರಿಯೇಟ್’ ಮಾಡುವ ಆಜ್ಞೆಯನ್ನಂತೂ ಮುಟ್ಟಲೇಬೇಡಿ. ಹಳೆಯ ಪೂಲ್ ಅನ್ನೇ ಅದು ಮತ್ತೆ ಎಬ್ಬಿಸುತ್ತದೆ ಎಂದು ಯಾರಾದರೂ ಹೇಳಬಹುದು. ಆದರೆ ಕ್ರಿಯೇಟ್ ಡಿಸ್ಕ್‌ಗಳ ತಲೆಬರಹವನ್ನೇ (ಪೂಲ್‌ನ ವಿವರ ಬರೆದಿಟ್ಟ ಜಾಗ, ಸೂಪರ್‌ಬ್ಲಾಕ್) ಅಳಿಸಿ ಹೊಸದು ಬರೆಯುತ್ತದೆ. ಡಿಸ್ಕ್‌ಗಳ ಅನುಕ್ರಮ, ಚಂಕ್ (ಒಂದೊಂದು ಡಿಸ್ಕ್‌ಗೆ ಹಂಚುವ ಡೇಟಾ ತುಂಡು) ಅಳತೆ, ಡೇಟಾ ಎಲ್ಲಿಂದ ಶುರುವಾಗುತ್ತದೆ ಎಂಬ ಲೆಕ್ಕ, ಇವುಗಳಲ್ಲಿ ಒಂದು ತಪ್ಪಿದರೂ ಒಳಗಿರುವುದು ಕಲಸಿಹೋದಂತೆ ಕಾಣುತ್ತದೆ. ಡೇಟಾ ಶುರುವಾಗುವ ಜಾಗ ಲಿನಕ್ಸ್‌ನಲ್ಲಿ ರೇಡ್ ನಡೆಸುವ ಎಂಡಿಆಡ್ಮ್ (mdadm) ಎಂಬ ಸಾಧನದ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿರುವುದರಿಂದ, ನಾಲ್ಕೈದು ವರ್ಷ ಹಿಂದೆ ಕಟ್ಟಿದ ಪೂಲ್‌ಗೆ ಇದು ಇನ್ನೂ ಅಪಾಯ.

ಈಗ ಕಿವಿಗೊಟ್ಟು ಕೇಳಿ. ಒಂದೊಂದೇ ಡಿಸ್ಕ್‌ಗೆ ಕರೆಂಟ್ ಕೊಟ್ಟಾಗ ಟಕ್, ಟಕ್, ಟಕ್ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಒಳಗಿನ ಹೆಡ್ ಕೆಟ್ಟಿದೆ ಎಂದು ತಿಳಿಯಿರಿ. ತಕ್ಷಣ ತೆಗೆದುಬಿಡಿ, ಅದು ಕ್ಲೀನ್‌ರೂಂ ಇರುವ ಬೆಂಗಳೂರಿನ ಲ್ಯಾಬ್‌ಗೆ ಹೋಗಬೇಕಾದ ಡಿಸ್ಕ್. ತುಮಕೂರಿನಿಂದ 70 ಕಿ.ಮೀ. ದೂರ, ಬಸ್ಸಿನಲ್ಲಿ ಒಯ್ಯುವುದಾದರೆ ಬಬಲ್ ಶೀಟ್‌ನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಿ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಹಳೆಯ ಮಾತು ಕೇಳಿ ಡಿಸ್ಕ್ ಒಳಗೆ ತೇವ ಸೇರಿಸಬೇಡಿ. ಸದ್ದೇ ಇಲ್ಲದೆ, ತಿರುಗುವುದೇ ಇಲ್ಲದಿದ್ದರೆ ಸರ್ಕ್ಯೂಟ್ ಬೋರ್ಡ್ ಕಡೆ ನೋಡಬೇಕು. ಸಿಡಿಲು ಬಡಿದಾಗ ಅಥವಾ ತಪ್ಪು ಅಡಾಪ್ಟರ್ ಚುಚ್ಚಿದಾಗ ಬೋರ್ಡ್ ಮೇಲಿನ ಟಿವಿಎಸ್ ಡಯೋಡ್ ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಪಾಡುತ್ತದೆ. ಅದನ್ನು ಮೈಕ್ರೊ ಸೋಲ್ಡರಿಂಗ್ ಗೊತ್ತಿರುವವರು ತೆಗೆದರೆ ಡಿಸ್ಕ್ ಓಡುವ ಸಾಧ್ಯತೆ ಉಂಟು. ಅದೇ ಮಾದರಿಯ ಇನ್ನೊಂದು ಡಿಸ್ಕ್‌ನ ಬೋರ್ಡ್ ತಂದು ಕೂರಿಸಿದರೆ ಇಂದಿನ ಡಿಸ್ಕ್‌ಗಳು ಒಪ್ಪುವುದಿಲ್ಲ. ಪ್ರತಿ ಡಿಸ್ಕ್‌ಗೆ ಹೊಂದಿಸಿದ ಅಂಕಿಅಂಶ ಬೋರ್ಡ್ ಮೇಲಿನ ರೋಮ್ (ROM) ಚಿಪ್‌ನಲ್ಲಿರುವುದರಿಂದ ಆ ಚಿಪ್ಪನ್ನೂ ವರ್ಗಾಯಿಸಬೇಕಾಗುತ್ತದೆ.

ಡಿಸ್ಕ್ ಸುಮ್ಮನೆ ತಿರುಗುತ್ತಿದ್ದರೆ ಅದು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿ ತೆಗೆಯಿರಿ. ಅದರಲ್ಲಿ ನಾಲ್ಕೇ ಸಾಲು ಸಾಕು. 5, 197, 198 ಈ ಮೂರು ಸಂಖ್ಯೆಯ ಸಾಲುಗಳಲ್ಲಿ ಸೊನ್ನೆಗಿಂತ ಹೆಚ್ಚಿದ್ದರೆ ತಟ್ಟೆಯ ಮೇಲ್ಮೈ ಸವೆಯುತ್ತಿದೆ. 197 ಎಂದರೆ ಓದಲು ಆಗದೆ ಬಾಕಿ ಉಳಿದ ಸೆಕ್ಟರ್‌ಗಳು, ನಮಗೆ ಅದೇ ಮುಖ್ಯ. 199ನೇ ಸಾಲು ಮಾತ್ರ ಏರಿದ್ದು ಉಳಿದವು ಸೊನ್ನೆಯಿದ್ದರೆ ಡಿಸ್ಕ್ ಚೆನ್ನಾಗಿಯೇ ಇದೆ, ಸಾಟಾ ಕೇಬಲ್ ಸಡಿಲ ಅಥವಾ ಹಳತು. ಕೇಬಲ್ ಬದಲಾಯಿಸಿದರೆ ಮುಗಿಯುವ ಕೆಲಸಕ್ಕೆ ಡಿಸ್ಕ್ ಎಸೆದವರು ಎಷ್ಟೋ ಜನ.

ಇನ್ನು ಮುಖ್ಯವಾದದ್ದಕ್ಕೆ ಬರೋಣ. ಲಿನಕ್ಸ್ ರೇಡ್‌ನಲ್ಲಿ ಪ್ರತಿ ಡಿಸ್ಕ್ ತನ್ನ ತಲೆಬರಹದಲ್ಲಿ ಒಂದು ಎಣಿಕೆ ಇಟ್ಟುಕೊಂಡಿರುತ್ತದೆ, ಅದರ ಹೆಸರು ಈವೆಂಟ್ಸ್. ಪೂಲ್‌ನ ಸ್ಥಿತಿ ಬದಲಾದಾಗಲೆಲ್ಲ ಪೂಲ್‌ನಲ್ಲಿರುವ ಎಲ್ಲ ಡಿಸ್ಕ್‌ಗಳಲ್ಲೂ ಈ ಎಣಿಕೆ ಏರುತ್ತದೆ. ಹೊರಬಿದ್ದ ಡಿಸ್ಕ್‌ನಲ್ಲಿ ಮಾತ್ರ ಅದು ಹೊರಬಿದ್ದ ದಿನಕ್ಕೇ ನಿಂತುಬಿಡುತ್ತದೆ. ಎಂಡಿಆಡ್ಮ್‌ಗೆ ‘ಎಕ್ಸಾಮಿನ್’ ಎಂದು ಹೇಳಿದರೆ ಅದು ಓದಿ ತೋರಿಸುತ್ತದೆ, ಏನನ್ನೂ ಬರೆಯುವುದಿಲ್ಲ. ನಾಲ್ಕೂ ಡಿಸ್ಕ್‌ಗಳ ಈವೆಂಟ್ಸ್, ಅಪ್‌ಡೇಟ್ ಟೈಮ್, ಡಿವೈಸ್ ರೋಲ್, ಅರೇ ಸ್ಟೇಟ್, ಈ ನಾಲ್ಕು ವಿವರಗಳನ್ನು ಹಾಳೆಯ ಮೇಲೆ ಬರೆದುಕೊಳ್ಳಿ.

ಒಂದು ಉದಾಹರಣೆ ನೋಡಿ (ಡಿವೈಸ್ ರೋಲ್‌ನಲ್ಲಿ ಡಿಸ್ಕ್‌ಗಳ ಎಣಿಕೆ 0ಯಿಂದ ಶುರುವಾಗುತ್ತದೆ). 0 ಮತ್ತು 2ನೇ ಡಿಸ್ಕ್‌ಗಳಲ್ಲಿ ಈವೆಂಟ್ಸ್ 48213, 3ನೇ ಡಿಸ್ಕ್‌ನಲ್ಲಿ 48209, 1ನೇ ಡಿಸ್ಕ್‌ನಲ್ಲಿ 31877. ಅರೇ ಸ್ಟೇಟ್ ಸಾಲಿನಲ್ಲಿ ‘ಎ’ ಎಂದರೆ ಆ ಡಿಸ್ಕ್ ಇದೆ, ಚುಕ್ಕೆ ಎಂದರೆ ಇಲ್ಲ. 0 ಮತ್ತು 2ನೇ ಡಿಸ್ಕ್‌ಗಳು ‘ಎ.ಎ.’ ಎನ್ನುತ್ತವೆ. 3ನೆಯದು ‘ಎ.ಎಎ’ ಎನ್ನುತ್ತದೆ, ಅಂದರೆ ತಾನು ಹೋಗುವಾಗಲೇ 1ನೆಯದು ಇರಲಿಲ್ಲ ಎಂದು ಅದು ಸಾಕ್ಷಿ ಹೇಳುತ್ತಿದೆ. 1ನೆಯದು ಮಾತ್ರ ‘ಎಎಎಎ’ ಎಂದು ನಾಲ್ವರೂ ಇದ್ದೇವೆ ಅನ್ನುತ್ತದೆ. ಅದು ಹೊರಬಿದ್ದ ಮೇಲೆ ಅದಕ್ಕೆ ಯಾರೂ ಸುದ್ದಿ ಮುಟ್ಟಿಸಿಲ್ಲ. ನಾಲ್ಕೂ ಇವೆ ಎಂದು ತೋರಿಸುವ ಡಿಸ್ಕೇ ಸರಿಯಾದದ್ದು ಎಂದು ನಂಬಿ ಅದನ್ನು ಮುಂದಿಟ್ಟುಕೊಂಡರೆ ಕೆಲಸ ಕೆಟ್ಟಂತೆ.

ಇಲ್ಲಿ ಜೋಡಿಸಬೇಕಾದದ್ದು 0, 2, 3 ಮಾತ್ರ. ಮೂರು ಡಿಸ್ಕ್ ಸಿಕ್ಕರೆ ನಾಲ್ಕನೆಯದರಲ್ಲಿ ಇರಬೇಕಾದದ್ದನ್ನು ಪ್ಯಾರಿಟಿ ಲೆಕ್ಕದಿಂದ ತೆಗೆಯಬಹುದು. 48213 ಮತ್ತು 48209ರ ನಡುವಿನ ನಾಲ್ಕು ಎಣಿಕೆಯ ಅಂತರದಲ್ಲಿ, ಕರೆಂಟ್ ಹೋದ ಗಳಿಗೆಯಲ್ಲಿ ಬರೆಯುತ್ತಿದ್ದ ಒಂದೆರಡು ಫೈಲ್ ಕೆಟ್ಟಿರಬಹುದು, ಅಷ್ಟೇ. ಅದೇ 31877ರ ಡಿಸ್ಕ್ ಅನ್ನು 3ರ ಬದಲು ಸೇರಿಸಿದರೆ, ಅದು ಹೊರಬಿದ್ದ ಮೇಲೆ ಬರೆದ ಪ್ರತಿ ಸ್ಟ್ರೈಪ್‌ನಲ್ಲೂ (ಎಲ್ಲ ಡಿಸ್ಕ್‌ಗಳಿಗೂ ಹರಡಿದ ತುಂಡುಗಳ ಒಂದು ಸಾಲು) ಹಳೆಯ ತುಂಡು ಹೊಸ ತುಂಡುಗಳ ನಡುವೆ ಕೂರುತ್ತದೆ. ಫೋಲ್ಡರ್‌ಗಳ ಪಟ್ಟಿಯೇ ಕೆಡುತ್ತದೆ. ಹಾಗೆಂದು ಆ ಹಳೆಯ ಡಿಸ್ಕ್ ಅನ್ನು ಫಾರ್ಮ್ಯಾಟ್ ಮಾಡಬೇಡಿ. ಕಳೆದ ವರ್ಷದ ಮದುವೆಯ ಫೈಲ್‌ಗಳನ್ನು ಒಮ್ಮೆ ಬರೆದ ಮೇಲೆ ಯಾರೂ ಮುಟ್ಟಿರುವುದಿಲ್ಲ. ಆ ಸ್ಟ್ರೈಪ್‌ಗಳ ಮಟ್ಟಿಗೆ ಹಳೆಯ ಡಿಸ್ಕ್ ಇಂದಿಗೂ ಸತ್ಯವನ್ನೇ ಹೇಳುತ್ತದೆ. ಉಳಿದ ಮೂರರಲ್ಲಿ ಓದಲಾಗದ ಸೆಕ್ಟರ್ ಸಿಕ್ಕರೆ, ತಿಳಿದವರ ಕೈಯಲ್ಲಿ ಅದೇ ಆಸರೆಯಾಗುತ್ತದೆ.

ಜೋಡಿಸುವ ಮೊದಲು ನಕಲು ಮಾಡಿಕೊಳ್ಳಿ. ಹಣವಿದ್ದರೆ ಮೂರೂ ಡಿಸ್ಕ್‌ಗಳದ್ದು, ಇಲ್ಲದಿದ್ದರೆ 197ನೇ ಸಾಲಿನಲ್ಲಿ ಅಂಕಿ ಇರುವ ಡಿಸ್ಕ್‌ನದ್ದಾದರೂ ಮಾಡಲೇಬೇಕು. ಇದರ ಜೊತೆಗೆ, ಕೊನೆಗೆ ಫೈಲ್‌ಗಳನ್ನು ಎತ್ತಿಡಲು ಬೇರೆ ಜಾಗ ಬೇಕು. 4 ಟಿಬಿ ಡಿಸ್ಕ್‌ನಲ್ಲಿ ಸಾಮಾನ್ಯವಾಗಿ 7,81,40,37,168 ಸೆಕ್ಟರ್ ಇರುತ್ತವೆ, ಹೊಸ ಡಿಸ್ಕ್‌ನಲ್ಲಿ ಅದಕ್ಕಿಂತ ಒಂದೂ ಕಡಿಮೆ ಇರಬಾರದು. ನಕಲಿಗೆ ಡಿಡಿರೆಸ್ಕ್ಯೂ ಬಳಸಿ, ಬರೀ ಡಿಡಿ ಬೇಡ. ಡಿಡಿರೆಸ್ಕ್ಯೂ ಎಲ್ಲೆಲ್ಲಿ ಓದಾಯಿತು, ಎಲ್ಲೆಲ್ಲಿ ಆಗಲಿಲ್ಲ ಎಂದು ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ, ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಮ್ಯಾಪ್ ಫೈಲ್ ಪೂಲ್‌ಗೂ ನಕಲಿಗೂ ಸೇರದ ಬೇರೊಂದು ಡಿಸ್ಕ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಇರಲಿ. ಮೊದಲ ಸುತ್ತಿಗೆ ‘-ಎನ್’ (-n) ಆಯ್ಕೆ ಕೊಡಿ: ಸುಲಭವಾಗಿ ಓದಲಾಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗವನ್ನು ಕೆರೆಯುವ ಕೆಲಸ ಆಮೇಲಕ್ಕೆ ಬಿಡುತ್ತದೆ. ಎರಡನೇ ಸುತ್ತಿಗೆ ‘-ಆರ್3’ (-r3) ಎಂದರೆ ಉಳಿದ ಜಾಗಗಳನ್ನು ಮೂರು ಸಲ ಪ್ರಯತ್ನಿಸುತ್ತದೆ. ಸೆಕೆಂಡ್‌ಗೆ 150 ಎಂಬಿ ವೇಗದಲ್ಲಿ 4 ಟಿಬಿಗೆ ಏಳೂವರೆ ಗಂಟೆ ಹಿಡಿಯುತ್ತದೆ, ಕೆಟ್ಟ ಡಿಸ್ಕ್ ಆದರೆ ದಿನಗಳೇ ಆಗಬಹುದು. ಬೇಸಿಗೆಯಾದರೆ ಕೇಸ್ ಬಿಚ್ಚಿ ಟೇಬಲ್ ಫ್ಯಾನ್ ಇಡಿ, ಡಿಸ್ಕ್‌ನ ಉಷ್ಣತೆ 45 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ಯುಎಸ್‌ಬಿ ಡಾಕ್‌ನಲ್ಲಿ ಹಾಕಿ ನಕಲು ಮಾಡುವುದನ್ನು ಆದಷ್ಟು ತಪ್ಪಿಸಿ. ಕೆಲವು ಡಾಕ್‌ಗಳು ಸೆಕ್ಟರ್ ಅಳತೆಯನ್ನೇ ಬೇರೆಯಾಗಿ ತೋರಿಸುತ್ತವೆ, ಸ್ಮಾರ್ಟ್ ವರದಿಯನ್ನೂ ಕೊಡುವುದಿಲ್ಲ.

ನಕಲು ಮಾಡದೆ ಬಿಟ್ಟ ಒಳ್ಳೆಯ ಡಿಸ್ಕ್‌ಗಳ ಮೇಲೆ ಓವರ್‌ಲೇ ಹಾಕಿ. ಪುಸ್ತಕದ ಪುಟದ ಮೇಲೆ ಪಾರದರ್ಶಕ ಹಾಳೆಯಿಟ್ಟು ಬರೆದಂತೆ ಇದು. ಲಿನಕ್ಸ್‌ನ ಡಿಎಂಸೆಟಪ್ ಆಜ್ಞೆಯ ಸ್ನ್ಯಾಪ್‌ಶಾಟ್ ಸೌಲಭ್ಯದಿಂದ ಪ್ರತಿ ಡಿಸ್ಕ್‌ಗೆ 50 ಜಿಬಿಯ ಖಾಲಿ ಫೈಲ್ ಒಂದನ್ನು ಹೊದಿಸಿದರೆ, ಬರೆಯುವುದೆಲ್ಲ ಆ ಫೈಲ್‌ಗೆ ಹೋಗುತ್ತದೆ, ಮೂಲ ಡಿಸ್ಕ್ ಇದ್ದಂತೇ ಇರುತ್ತದೆ. ತಪ್ಪಾದರೆ ಹಾಳೆ ಎಸೆದು ಹೊಸದು ಇಡಬಹುದು. ‘ಅಸೆಂಬಲ್’ ಜೊತೆ ‘ಫೋರ್ಸ್’ ಕೊಡುವುದು ಈ ಓವರ್‌ಲೇ ಮೇಲೆಯೇ, ಏಕೆಂದರೆ ಫೋರ್ಸ್ 48209 ಅನ್ನು ತಿದ್ದಿ ಬರೆಯುತ್ತದೆ. ಡಿಸ್ಕ್‌ಗಳ ಹೆಸರನ್ನು ಒಂದೊಂದಾಗಿ ಕೊಡಿ, ತಾನಾಗಿ ಹುಡುಕಲು ಬಿಡಬೇಡಿ. ಬಿಟ್ಟರೆ 1ನೆಯದೂ ಕಣಕ್ಕೆ ಬರುತ್ತದೆ.

ಪೂಲ್ ಎದ್ದ ಮೇಲೆ ಓದಲು ಮಾತ್ರ ಮೌಂಟ್ ಮಾಡಿ. ಫೈಲ್‌ಸಿಸ್ಟಂ ಇಎಕ್ಸ್‌ಟಿ4 ಆದರೆ ‘ಆರ್‌ಒ, ನೋಲೋಡ್’, ಎಕ್ಸ್‌ಎಫ್‌ಎಸ್ ಆದರೆ ‘ಆರ್‌ಒ, ನೋರಿಕವರಿ’. ಎಕ್ಸ್‌ಎಫ್‌ಎಸ್ ರಿಪೇರಿಯನ್ನು ‘-ಎಲ್’ (-L) ಆಯ್ಕೆಯೊಂದಿಗೆ ಓಡಿಸಿದರೆ ಲಾಗ್ ಪೂರ್ತಿ ಅಳಿಯುತ್ತದೆ, ಅದು ಕೊನೆಯ ದಾರಿ.

ಫೋಲ್ಡರ್‌ಗಳು ಕಂಡವು ಎಂದು ಗೆದ್ದಂತೆ ಭಾವಿಸಬೇಡಿ. ಎಂಡಿಆಡ್ಮ್‌ನ ರೂಢಿಯ ಚಂಕ್ 512 ಕೆಬಿ. 300 ಕೆಬಿಯ ಫೋಟೊ ಒಂದೇ ಡಿಸ್ಕ್‌ನ ಒಂದೇ ಚಂಕ್ ಒಳಗೆ ಕೂತಿರಬಹುದಾದ್ದರಿಂದ ಅದು ತೆರೆದುಕೊಂಡರೆ ಜೋಡಣೆ ಸರಿಯಿದೆ ಎಂದು ಹೇಳಲಾಗದು. ನಾಲ್ಕು ಡಿಸ್ಕ್‌ನ ರೇಡ್ 5ರಲ್ಲಿ ಒಂದು ಸ್ಟ್ರೈಪ್‌ಗೆ 1.5 ಎಂಬಿ ಡೇಟಾ ಹಿಡಿಯುತ್ತದೆ. 25 ಎಂಬಿಯ ರಾ ಫೈಲ್ ಹದಿನಾರಕ್ಕೂ ಹೆಚ್ಚು ಸ್ಟ್ರೈಪ್‌ಗಳ ಮೇಲೆ ಹಾದುಹೋಗುತ್ತದೆ. ಅದು ಪೂರ್ತಿ ತೆರೆದುಕೊಂಡರೆ ನಂಬಬಹುದು. ವಧುವಿನ ಮುಖದವರೆಗೆ ಸರಿಯಿದ್ದು ಕೆಳಗಿನ ಅರ್ಧ ಬೂದು ಬಣ್ಣವಾದರೆ, ಅಥವಾ ಅಡ್ಡಪಟ್ಟಿಗಳಾಗಿ ಜಾರಿದ್ದರೆ, ಯಾವುದೋ ಡಿಸ್ಕ್ ತಪ್ಪಾಗಿ ಸೇರಿದೆ. 1ನೇ ಡಿಸ್ಕ್‌ನ ಅಪ್‌ಡೇಟ್ ಟೈಮ್‌ಗಿಂತ ಹಿಂದಿನ ಹತ್ತು ಫೈಲ್, ಆಮೇಲಿನ ಹತ್ತು ಫೈಲ್ ತೆರೆದು ನೋಡಿ. ಹಿಂದಿನವು ಸರಿಯಿದ್ದು ಆಮೇಲಿನವು ಮಾತ್ರ ಕೆಟ್ಟಿದ್ದರೆ ಹಳೆಯ ಡಿಸ್ಕ್ ಒಳಗೆ ನುಸುಳಿದೆ ಎಂದೇ ಅರ್ಥ. ನಿಲ್ಲಿಸಿ, ಓವರ್‌ಲೇ ತೆಗೆದು, ಮತ್ತೆ ಜೋಡಿಸಿ.

ಲಿನಕ್ಸ್ ರೇಡ್ ಬದಲು ಜಡ್‌ಎಫ್‌ಎಸ್ ಫೈಲ್‌ಸಿಸ್ಟಂ ಬಳಸುವವರಿಗೆ ಈವೆಂಟ್ಸ್ ಬದಲು ಟಿಎಕ್ಸ್‌ಜಿ ಸಂಖ್ಯೆ ಇರುತ್ತದೆ, ಜಡ್‌ಡಿಬಿ ಆಜ್ಞೆ ಅದನ್ನು ತೋರಿಸುತ್ತದೆ. ಅಲ್ಲಿ ‘ರೀಡ್‌ಓನ್ಲಿ’ಯಾಗಿ ಇಂಪೋರ್ಟ್ ಮಾಡಿ. ಆಗದಿದ್ದರೆ ‘-ಎಫ್’ ದೊಡ್ಡಕ್ಷರದ ಆಯ್ಕೆ ಕೆಲವು ಹೆಜ್ಜೆ ಹಿಂದಿನ ಸ್ಥಿತಿಗೆ ಒಯ್ಯುತ್ತದೆ, ಮೊದಲು ಅದರ ಜೊತೆ ‘-ಎನ್’ (ಸಣ್ಣಕ್ಷರ -n) ಸೇರಿಸಿ ಬರೀ ಪರೀಕ್ಷೆ ಮಾಡಿ. ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಂ ಆದರೆ ‘ಚೆಕ್ ರಿಪೇರಿ’ಯ ತಂಟೆಗೆ ಹೋಗದೆ ‘ರಿಸ್ಟೋರ್’ ಆಜ್ಞೆಯಿಂದ ಫೈಲ್‌ಗಳನ್ನು ಹೊರಗೆ ತೆಗೆಯಿರಿ. ಮರ್ಜರ್‌ಎಫ್‌ಎಸ್ ಮಾದರಿಯ ಪೂಲ್ ಇಟ್ಟವರಿಗೆ ಚಿಂತೆ ಕಡಿಮೆ. ಪ್ರತಿ ಫೈಲ್ ಇಡಿಯಾಗಿ ಒಂದೇ ಡಿಸ್ಕ್‌ನಲ್ಲಿರುವುದರಿಂದ ಕೆಟ್ಟ ಡಿಸ್ಕ್‌ನ ಫೈಲ್‌ಗಳಷ್ಟೇ ಹೋಗುತ್ತವೆ. ಜೊತೆಗೆ ಪ್ಯಾರಿಟಿ ಇಡುವ ಸ್ನ್ಯಾಪ್‌ರೇಡ್ ಇದ್ದರೆ ‘ಫಿಕ್ಸ್’ ಮುಗಿಯುವವರೆಗೆ ‘ಸಿಂಕ್’ ಮಾಡಬೇಡಿ.

ಫೈಲ್‌ಗಳೆಲ್ಲ ಹೊರಬಂದ ಮೇಲೆ ಮೂಲ ಡಿಸ್ಕ್‌ಗಳನ್ನು ಒಂದೆರಡು ತಿಂಗಳು ಹಾಗೆಯೇ ಎತ್ತಿಡಿ. ಹೊಸ ಪೂಲ್ ಕಟ್ಟುವಾಗ 3ನೇ ಡಿಸ್ಕ್ ಯಾಕೆ ಜಾರಿತು ಎಂದು ಹುಡುಕಿ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಒಂದು ಕೆಟ್ಟ ಸೆಕ್ಟರ್ ಓದಲು ನಿಮಿಷಗಟ್ಟಲೆ ಹೆಣಗುತ್ತದೆ, ಲಿನಕ್ಸ್ ಕಾಯುವುದು 30 ಸೆಕೆಂಡ್. ಉತ್ತರ ಬಾರದ ಡಿಸ್ಕ್ ಅನ್ನು ಹೊರಹಾಕುತ್ತದೆ. ಹೀಗೆ ಹೆಣಗುವ ಸಮಯಕ್ಕೆ ಮಿತಿ ಹಾಕುವ ಎಸ್‌ಸಿಟಿ ಇಆರ್‌ಸಿ ಸೌಲಭ್ಯವಿರುವ ಡಿಸ್ಕ್‌ಗೆ 7 ಸೆಕೆಂಡ್ ಮಿತಿ ಹಾಕಿ. ಇಲ್ಲದ ಡಿಸ್ಕ್‌ಗೆ ಲಿನಕ್ಸ್ ಕಾಯುವ ಸಮಯವನ್ನು 180 ಸೆಕೆಂಡ್‌ಗೆ ಏರಿಸಿ. ಸ್ವಿಚ್ ಆಫ್ ಆದರೆ ಎರಡೂ ಮರೆತುಹೋಗುವುದರಿಂದ ಬೂಟ್ ಆಗುವಾಗ ಓಡುವ ಸ್ಕ್ರಿಪ್ಟ್‌ನಲ್ಲಿ ಸೇರಿಸಿ. ಎಸ್‌ಎಂಪಿಎಸ್ ಕೂಡ ನೋಡಿ. ಒಂದು ಡಿಸ್ಕ್ ತಿರುಗಲು ಶುರುಮಾಡುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಎದ್ದಾಗ 8 ಆಂಪಿಯರ್ ಬೇಕು, ಒಂದೇ ವೈರ್‌ಗೆ ಸ್ಪ್ಲಿಟರ್ ಹಾಕಿ ನಾಲ್ಕಕ್ಕೂ ಹಂಚಿದ್ದರೆ ವೋಲ್ಟೇಜ್ ಕುಸಿಯುತ್ತದೆ. ಮಾಡ್ಯುಲರ್ ಎಸ್‌ಎಂಪಿಎಸ್ ಬದಲಾಯಿಸಿದರೆ ಹಳೆಯದರ ಕೇಬಲ್ ಹಾಕಬೇಡಿ. ಚುಚ್ಚಿಕೊಳ್ಳುವ ಬಾಯಿ ಒಂದೇ ಥರ ಇದ್ದರೂ ಒಳಗಿನ ವೈರಿಂಗ್ ಬೇರೆಯಿರಬಹುದು, ನಾಲ್ಕೂ ಡಿಸ್ಕ್ ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಮನೆಯ ಇನ್ವರ್ಟರ್ ಮೇಲೆ ಸರ್ವರ್ ಓಡಿಸುವವರು ಇನ್ವರ್ಟರ್‌ನ ಹಿಂದಿರುವ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ. ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಆ ಮೋಡ್‌ನಲ್ಲಿ ಸುಮಾರು 10 ಮಿಲಿಸೆಕೆಂಡ್ ಸಾಕು, ಮಾಮೂಲಿ ಮೋಡ್‌ನಲ್ಲಿ ಅದಕ್ಕಿಂತ ಹೆಚ್ಚು. ಪೂರ್ತಿ ಲೋಡ್‌ನಲ್ಲಿ ಎಸ್‌ಎಂಪಿಎಸ್ ತಡೆದುಕೊಳ್ಳುವುದು ಹದಿನಾರು ಮಿಲಿಸೆಕೆಂಡ್ ಆಸುಪಾಸು.

ಇಷ್ಟಾದರೂ 1ನೇ ಡಿಸ್ಕ್ ಹೊರಬಿದ್ದದ್ದು ತಿಂಗಳುಗಟ್ಟಲೆ ಗೊತ್ತಾಗದೆ ಉಳಿಯಿತು ಎಂಬುದೇ ಈ ಎಲ್ಲ ಕಷ್ಟದ ಬುಡ. ಎಂಡಿಆಡ್ಮ್‌ನ ‘ಮಾನಿಟರ್’ಗೆ ನಿಮ್ಮ ಇಮೇಲ್ ವಿಳಾಸ ಕೊಡಿ. ಕೊಟ್ಟ ಮೇಲೆ ‘ಟೆಸ್ಟ್’ ಮತ್ತು ‘ಒನ್‌ಶಾಟ್’ ಆಯ್ಕೆಗಳೊಂದಿಗೆ ಒಮ್ಮೆ ಓಡಿಸಿ. ಐದು ನಿಮಿಷದಲ್ಲಿ ಫೋನಿಗೆ ಮೇಲ್ ಬಾರದಿದ್ದರೆ ಸ್ಪ್ಯಾಮ್ ಫೋಲ್ಡರ್ ನೋಡಿ. ಅಲ್ಲೂ ಇಲ್ಲದಿದ್ದರೆ ಸರ್ವರ್‌ನ ಮೇಲ್ ಸೆಟ್ಟಿಂಗ್ ತಪ್ಪಿದೆ. ಅದು ಸರಿಯಾಗಿ, ಮೇಲ್ ಬಂದದ್ದನ್ನು ಕಣ್ಣಾರೆ ನೋಡುವವರೆಗೆ ಹೊಸ ಪೂಲ್‌ಗೆ ಮದುವೆ ಫೈಲ್‌ಗಳನ್ನು ತುಂಬಬೇಡಿ.